ಹೊಸ ಗಡಿಗೆ

ಊರಲ್ಲಿ ಆಷಾಢ ಬಂತೆಂದರೆ ಶುಭಕಾರ್ಯಗಳಿಗೆ ರಜೆ. ಇಲ್ಲಿ ಸಿಕಂದರಾಬಾದಿನಲ್ಲಿ ಹಾಗಲ್ಲ. ಬೀದಿಬೀದಿಗೂ ಬೇವಿನ ಸೊಪ್ಪು, ಹಲಗೆಯ ಸದ್ದು, ಪೋತರಾಜನ ಕುಣಿತ. ಹೊಸ ಗಡಿಗೆಯಲ್ಲಿ ಅಕ್ಕಿ, ಹಾಲು, ಬೆಲ್ಲ ಹಾಕಿ ಬೇಯಿಸಿ, ಗಡಿಗೆಗೆ ಅರಿಸಿನ ಕುಂಕುಮ ಹಚ್ಚಿ, ಮೇಲೊಂದು ದೀಪವಿಟ್ಟು ಹೆಂಗಸರು ತಲೆಯ ಮೇಲೆ ಹೊತ್ತು ಗುಡಿಗೆ ನಡೆಯುತ್ತಾರೆ. ಇದೇ ಬೋನಾಲು. ಬೋನವೆಂಬ ಮಾತು ಕನ್ನಡಿಗರಾದ ನಮಗೆ ಹೊಸದೇನಲ್ಲ. ಅನ್ನಕ್ಕೂ ನೈವೇದ್ಯಕ್ಕೂ ನಮ್ಮ ಹಿಂದಿನವರು ಬಳಸಿದ ಮಾತೇ ಅದು.

ಈ ಹಬ್ಬ ಹುಟ್ಟಿದ್ದು ಹೆದರಿಕೆಯಲ್ಲಿ. 1813ರಲ್ಲಿ ಈ ಅವಳಿ ನಗರಗಳಿಗೆ ಸಾಂಕ್ರಾಮಿಕ ಜಾಡ್ಯ ಬಂದು ಬಹಳ ಜನ ಸತ್ತರಂತೆ. ಆಗ ಇಲ್ಲಿಯ ಪಲ್ಟನ್ನೊಂದು ಉಜ್ಜಯಿನಿಯಲ್ಲಿತ್ತು. ಅದರಲ್ಲಿ ಡೋಲಿ ಹೊರುತ್ತಿದ್ದ ಸುರಿಟಿ ಅಪ್ಪಯ್ಯ ಎಂಬಾತ, ಪೀಡೆ ತೊಲಗಿದರೆ ನಿನ್ನನ್ನು ನಮ್ಮೂರಿನಲ್ಲಿ ಸ್ಥಾಪಿಸುತ್ತೇನೆಂದು ಮಹಾಕಾಳಿಗೆ ಹರಕೆ ಹೊತ್ತ. 1815ರಲ್ಲಿ ಮರಳಿ ಬಂದು ಮರದ ವಿಗ್ರಹವನ್ನು ನಿಲ್ಲಿಸಿದ. ಉಜ್ಜಯಿನಿ ಮಹಾಂಕಾಳಿ ಗುಡಿಯ ಕಥೆ ಹೀಗೆ. 1898ರ ಪ್ಲೇಗಿಗೆ ಹೆದರಿದ ಬೆಂಗಳೂರಿನವರು ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿದ್ದನ್ನು ಓದುಗರು ಬಲ್ಲರು.

ನಾವು ಬಿ.ಎಸ್ಸಿ. ಓದಿದವರು. ಇದೇ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡದ್ದು ನಮಗೆ ಹೆಮ್ಮೆಯ ಸಂಗತಿ. ಆದರೆ ಅಪ್ಪಯ್ಯನನ್ನು ನೋಡಿ ನಗಲು ನಮಗೆ ಮನಸ್ಸು ಬಾರದು. ಅವನು ಊರಿನಿಂದ ನೂರಾರು ಮೈಲಿ ದೂರದಲ್ಲಿದ್ದ. ಹರಕೆ ಹೊರುವವನು ತಾನು ಊರಿಗೆ ಮರಳುತ್ತೇನೆ, ಮರಳಿದಾಗ ಊರು ಇರುತ್ತದೆ ಎಂದು ಮೊದಲು ನಂಬಿರಬೇಕಷ್ಟೆ!

2020ರಲ್ಲಿ ಕರೋನಾ ಬಂದಾಗ, ಜಾಡ್ಯದಿಂದ ಹುಟ್ಟಿದ ಹಬ್ಬವನ್ನೇ ಜಾಡ್ಯ ಮನೆಯೊಳಗೆ ಕೂಡಿಸಿತು. ಗುಡಿಯಲ್ಲಿ ಪೂಜಾರಿಗಳು ಪೂಜೆ ನಡೆಸಿದರು, ಜನ ಮನೆಯಲ್ಲೇ ಬೋನ ಮಾಡಿದರು. ಆ ವರ್ಷ ಹೇಗೋ ಕಳೆಯಿತು. ನಿಜವಾದ ಹೆದರಿಕೆ 2021ರ ಮೇ ತಿಂಗಳಿನದು. ಕಛೇರಿಯಲ್ಲಿ ಕುಟುಂಬ ಪಿಂಚಣಿಯ ಕಾಗದಗಳು ನಮ್ಮ ಮೇಜಿಗೇ ಬರುತ್ತವೆ. ತಿಂಗಳ ಹಿಂದೆ ಜೊತೆಯಲ್ಲಿ ಚಹಾ ಕುಡಿದವರ ಹೆಸರುಗಳನ್ನು ಆ ಕಾಗದಗಳಲ್ಲಿ ಓದುತ್ತಿದ್ದೆವು. ಅದೇ ವಾರ ನಮ್ಮ ಅವ್ವನಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದೆವು. ಪಕ್ಕದ ಮನೆಯ ಯಜಮಾನರೂ ಎರಡು ದಿನಗಳ ನಂತರ ಅಲ್ಲಿಗೇ ಸೇರಿದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮೂರನೆಯ ದಿನ ದಾದಿಯೊಬ್ಬಳು ಕರುಣೆಯಿಂದ ಫೋನು ಹಿಡಿದಳು.

"ಅಂಜಬ್ಯಾಡ್ರಿ," ಎಂದಳು ಅವ್ವ, ನಡುನಡುವೆ ಉಸಿರು ತೆಗೆದುಕೊಂಡು. "ಆಷಾಢಕ್ಕ ಅಮ್ಮಗ ಬೋನ ಎತ್ತತೀನಂತ ಬೇಡ್ಕೊಂಡೀನಿ. ಹೊಸಾ ಗಡಿಗಿ ತಂದು ಇಡ್ರಿ."

ಆಗ ಮೇ 12ರಿಂದ ಲಾಕ್‌ಡೌನು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿಗಳು. ಔಷಧಿಗೆಂದು ಹೊರಟವರು ಕುಂಬಾರನ ಮನೆಯ ಬಾಗಿಲು ತಟ್ಟಿ ಗಡಿಗೆಯೊಂದನ್ನು ತಂದೆವು. ಈ ಕಾಲದಲ್ಲಿ ಗಡಿಗೆ ಯಾಕೆ ಸಾರ್ ಎಂದು ಅವನು ಕೇಳಲಿಲ್ಲ, ತಟ್ಟಿ ನೋಡಿ ಒಳ್ಳೆಯದನ್ನೇ ಆರಿಸಿ ಕೊಟ್ಟ. ಅಡಿಗೆಮನೆಯ ಮೂಲೆಯಲ್ಲಿ ಅದನ್ನು ಕವುಚಿ ಇಟ್ಟೆವು. ಹೆದರಿಕೆ ಹೋಯಿತೆಂದು ಹೇಳಲಾರೆವು. ರಾತ್ರಿ ಫೋನು ಬಡಿದುಕೊಂಡರೆ ಎದೆಯೂ ಬಡಿದುಕೊಳ್ಳುತ್ತಿತ್ತು. ಆದರೂ ಬೆಳಿಗ್ಗೆ ಆ ಗಡಿಗೆ ಕಣ್ಣಿಗೆ ಬಿದ್ದಾಗ ಆ ದಿನದ ಕೆಲಸಕ್ಕೆ ಕೈ ಬರುತ್ತಿತ್ತು. ಊಟ ಕಳಿಸುವುದು, ಡಾಕ್ಟರನ್ನು ವಿಚಾರಿಸುವುದು, ಪಕ್ಕದ ಮನೆಯ ಮಕ್ಕಳಿಗೆ ಎರಡು ರೊಟ್ಟಿ ಹೆಚ್ಚು ಬಡಿಯುವುದು.

ಹನ್ನೊಂದನೆಯ ದಿನ ಅವ್ವ ಮನೆಗೆ ಬಂದಳು. ಪಕ್ಕದ ಮನೆಯವರು ಬರಲಿಲ್ಲ. ಅವರ ಹೆಂಡತಿಯೂ ಅದೇ ಅಮ್ಮನಿಗೇ ಹರಕೆ ಹೊತ್ತಿದ್ದರು. ಇದಕ್ಕೆ ನಮ್ಮಲ್ಲಿ ಉತ್ತರವಿಲ್ಲ; ಉತ್ತರ ಹೇಳಬಂದವರ ಮಾತು ನಮಗೆ ಹಿಡಿಸಲೂ ಇಲ್ಲ.

ಆ ಜುಲೈನಲ್ಲಿ ಹಬ್ಬ ಮತ್ತೆ ಬೀದಿಗೆ ಬಂತು. ಅವ್ವ ಗಡಿಗೆ ಹೊತ್ತು ಹೊರಟಳು. ಹಲಗೆ ಬೇಡವೆಂದಳು. ಆ ಮನೆಯ ಮುಂದೆ ಬಂದಾಗ ನಾವೆಲ್ಲ ತಲೆ ತಗ್ಗಿಸಿದೆವು. ಬಾಗಿಲು ತೆರೆಯಿತು. ಬೋನ ಹೊತ್ತವರ ಪಾದಕ್ಕೆ ನೀರೆರೆಯುವುದು ಇಲ್ಲಿಯ ವಾಡಿಕೆ. ಆಕೆ ಚೊಂಬಿನಲ್ಲಿ ನೀರು ತಂದು ಅವ್ವನ ಪಾದಕ್ಕೆ ಸುರಿದು, "ಪೆದ್ದಮ್ಮಾ, ಅಮ್ಮವಾರಿಗೆ ನನ್ನ ಹೆಸರಿನಲ್ಲೂ ಕೈ ಮುಗಿಯಿರಿ" ಎಂದು ತೆಲುಗಿನಲ್ಲಿ ಹೇಳಿದರು.

ಗುಡಿಯಲ್ಲಿ ಅವ್ವ ಏನು ಬೇಡಿಕೊಂಡಳೋ ನಾವು ಕೇಳಲಿಲ್ಲ. ಮರಳಿ ಬಂದ ಮೇಲೆ ಗಡಿಗೆಯಲ್ಲಿ ಉಳಿದ ಬೋನದ ಅರ್ಧ ಆ ಮನೆಗೆ ಹೋಯಿತು.