ತಿದ್ದಿದ ವೇಳೆ

ನಮ್ಮ ಮನೋಳಿಯವರಿಗೆ ನೀರು ಹೊಸದಲ್ಲ. ಊರಿನ ಮಗ್ಗುಲಿಗೇ ಮಲಪ್ರಭೆ. ಸ್ವಲ್ಪ ಮೇಲಕ್ಕೆ ಹೋದರೆ ನವಿಲುತೀರ್ಥದ ಅಣೆಕಟ್ಟು, ಅದರ ಹಿಂದೆ ಸವದತ್ತಿಯ ಕಡೆಗೆ ಹರಡಿಕೊಂಡ ರೇಣುಕಾಸಾಗರ. ಆದರೆ ನೀರಿನ ಮೇಲೆ ಆಟವಾಡುವುದು ನಮಗೆ ಗೊತ್ತಿಲ್ಲ. ಹೊಳೆಯೆಂದರೆ ಬಟ್ಟೆ ಒಗೆಯುವುದಕ್ಕೆ, ಎಮ್ಮೆಯ ಮೈ ತೊಳೆಯುವುದಕ್ಕೆ, ತುಂಬಿ ಬಂದರೆ ಕೈಮುಗಿದು ದೂರ ನಿಲ್ಲುವುದಕ್ಕೆ. ಹಾಯಿದೋಣಿಯನ್ನು ನಾನು ಕಂಡದ್ದು ಪುಸ್ತಕದ ಚಿತ್ರದಲ್ಲಿ. ಅದನ್ನೇ ಇಪ್ಪತ್ತೈದು ವರ್ಷ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆ: ಕೆಳಗೊಂದು ಅರ್ಧಚಂದ್ರ, ಮೇಲೊಂದು ತ್ರಿಕೋನ.

ನಿಜವಾದ ಹಾಯಿದೋಣಿ ಕಂಡದ್ದು 2022ರ ದಸರಾ ರಜೆಯಲ್ಲಿ, ಬೆಂಗಳೂರಿಗೆ ಹೋದಾಗ. ನನ್ನ ಅಣ್ಣನ ಮಗ ಸೈನ್ಯದ ಮದ್ರಾಸ್ ಸ್ಯಾಪರ್ಸ್ ದಳದಲ್ಲಿದ್ದಾನೆ. ಅವರ ನೆಲೆ ಹಲಸೂರು ಕೆರೆಯ ಹತ್ತಿರ. ಕೆಲಸದ ಜೊತೆಗೆ ಅವನಿಗೆ ಹಾಯಿದೋಣಿಯ ಹುಚ್ಚೂ ಹತ್ತಿದೆ. "ಅತ್ತಿ, ನಾಳೆ ಮುಂಜಾನೆ ನಮ್ಮ ಡೋಣಿ ರೇಸ್ ಐತಿ, ನೋಡಾಕ ಬಾ" ಎಂದ. ಚೀಲದಲ್ಲಿ ಚೂಡಾದ ಡಬ್ಬಿ ಇಟ್ಟುಕೊಂಡು ಹೋಗಿ ದಂಡೆಯ ಮೇಲೆ ಕೂತೆ.

ಏಳೆಂಟು ದೋಣಿಗಳಿದ್ದವು, ಒಂದರ ಹಾಗೆ ಒಂದಿಲ್ಲ. ನಮ್ಮವನದು ಹಲಗೆಯ ಹಳೆಯ ದೋಣಿ, ನೀಲಿ ಹಾಯಿ, ಇಬ್ಬರು ಕೂಡುವಂಥದು. ಎಂಟರ್‌ಪ್ರೈಸ್ ಎಂದು ಅದರ ಜಾತಿಯ ಹೆಸರು. 1956ರಲ್ಲಿ ಇಂಗ್ಲೆಂಡಿನ ಜಾಕ್ ಹೋಲ್ಟ್ ಎಂಬವರು ರೂಪಿಸಿದ್ದಂತೆ, ಅಂದರೆ ನನಗಿಂತ ಹಿರಿಯದು. ಉಳಿದವುಗಳಲ್ಲಿ ಕೆಲವು ಹೊಸ ಕಾಲದ ಫೈಬರಿನವು, ನುಣ್ಣಗೆ, ಹಗುರಾಗಿ ಗಾಳಿಗೆ ಹಾರುವಂತಿದ್ದವು. ಓಟ ಮುಗಿದಾಗ ಅವೇ ಎರಡು ಮುಂದೆ ಬಂದವು. ನಮ್ಮವನು ಮೂರನೆಯವನಾಗಿ ಬಂದ.

"ಮೂರನೇದಾಂವ ಬಂದ್ಯಲ್ಲೋ" ಎಂದು ನಾನು ಮರುಗಿದೆ. ಅವನು ಒದ್ದೆ ಬಟ್ಟೆ ಹಿಂಡುತ್ತ, "ಇನ್ನಾ ಲೆಕ್ಕಾ ಆಗಬೇಕಲ್ಲ ಅತ್ತಿ" ಎಂದು ನಕ್ಕ. ಅರ್ಧ ತಾಸಿನಲ್ಲಿ ಲೆಕ್ಕವಾಯಿತು. ಮೂರನೆಯವನಾಗಿ ಬಂದವನು ಮೊದಲನೆಯವನಾಗಿದ್ದ.

ಇದೆಂಥ ನ್ಯಾಯ! ಅಂಕಗಳ ವಿಷಯ ಬಂದರೆ ಮಾಸ್ತರಿಕೆಯವರ ಕಿವಿ ನೆಟ್ಟಗಾಗುತ್ತದೆ. ಬಿಡಿಸಿ ಹೇಳು ಎಂದೆ. ಅವನು ಚೂಡಾ ಕಟ್ಟಿದ್ದ ಕಾಗದದ ಮೇಲೆಯೇ ಬರೆದು ತೋರಿಸಿದ. ದೋಣಿಯ ಪ್ರತಿಯೊಂದು ಜಾತಿಗೂ ಒಂದು ಅಂಕಿ ಇರುತ್ತದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಊರಿನ ಹೆಸರು ಈ ಪದ್ಧತಿಗೆ. ನಿಧಾನದ ದೋಣಿಗೆ ದೊಡ್ಡ ಅಂಕಿ, ವೇಗದ ದೋಣಿಗೆ ಸಣ್ಣದು. ಎಂಟರ್‌ಪ್ರೈಸಿಗೆ 1120ರ ಆಸುಪಾಸು; ಹೊಸ ವೇಗದ ದೋಣಿಗೆ 900 ಇರಬಹುದು. ಓಡಿದ ವೇಳೆಯನ್ನು 1000ದಿಂದ ಗುಣಿಸಿ ಈ ಅಂಕಿಯಿಂದ ಭಾಗಿಸಬೇಕು. ಹೊಸ ದೋಣಿ 45 ನಿಮಿಷಕ್ಕೆ ಬಂದರೆ ಅದರ ತಿದ್ದಿದ ವೇಳೆ 50 ನಿಮಿಷ. ಹಳೆಯದು 55 ನಿಮಿಷಕ್ಕೆ ಬಂದರೆ ಅದರ ತಿದ್ದಿದ ವೇಳೆ 49 ನಿಮಿಷ ಚಿಲ್ಲರೆ. ಗೆದ್ದದ್ದು ಹಳೆಯದು.

"ಅಂದ್ರ ಹಳೇದಕ್ಕ ಗ್ರೇಸ್ ಮಾರ್ಕ್ಸ್ ಅನ್ನು" ಎಂದೆ. ಅವನಿಗೆ ಸಿಟ್ಟೇ ಬಂತು. "ಗ್ರೇಸ್ ಅಲ್ಲತ್ತಿ. ಅದರ ಮೈಗೆ ತಕ್ಕ ಅಳತಿ ಅದು. ಕ್ಲಬ್ಬಿನವರು ಸಾವಿರಾರು ಓಟದ ಲೆಕ್ಕಾ ಕಳಸ್ತಾರ, ಅದನ್ನ ನೋಡಿ ಅಂಕಿ ಹಾಕ್ತಾರ, ವರ್ಸಾ ವರ್ಸಾ ತಿದ್ದತಾರ. ಡೋಣಿಗೆ ತೂತು ಬಿದ್ದಿದ್ರ, ಹಾಯಿ ಹರದಿದ್ರ, ಇಲ್ಲಾ ನಾ ನಿದ್ದಿ ಹೊಡದ್ರ, ಅದಕ್ಕೇನೂ ಮಾಫಿ ಇಲ್ಲ."

ಆ ಮಾತು ನನಗೆ ನಾಟಿತು. ನಮ್ಮಪ್ಪ ಎತ್ತಿನ ಪಂದ್ಯದಲ್ಲಿ ಹೇಳುತ್ತಿದ್ದುದೂ ಇದೇ ಅಲ್ಲವೆ? ಹಲ್ಲು ನೋಡಿ ಜೋಡಿ ಬಿಡಬೇಕು, ಹಾಲುಹಲ್ಲಿನ ಹೋರಿಯನ್ನು ಬಾಯಿಗೂಡಿದ ಎತ್ತಿನ ಜೊತೆ ಓಡಿಸಿದರೆ ಅದು ಪಂದ್ಯವಲ್ಲ ಎನ್ನುತ್ತಿದ್ದ. ಆದರೆ ಮೈಗಳ್ಳ ಎತ್ತಿಗೆ ಅವನೂ ಮಾಫಿ ಕೊಟ್ಟವನಲ್ಲ.

ಆ ಸಂಜೆ ಅಳಿಯ ಸಮುದ್ರದ ದೊಡ್ಡ ದೋಣಿಗಳ ಕಥೆ ಹೇಳಿದ. ಅಮೆರಿಕದ ಡೊರೇಡ್ ಎಂಬ ಕಟ್ಟಿಗೆಯ ದೋಣಿ 1930ರಲ್ಲಿ ನೀರಿಗಿಳಿದದ್ದು. ಅದನ್ನು ರೂಪಿಸಿದ ಓಲಿನ್ ಸ್ಟೀಫನ್ಸ್ ಆಗ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ. 1936ರಲ್ಲಿ ಅದು ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಹೋಗುವ ಓಟ ಗೆದ್ದಿತು. ಮತ್ತೆ 2013ರಲ್ಲಿ, 77 ವರ್ಷಗಳ ನಂತರ, ಅದೇ ಓಟವನ್ನು ತಿದ್ದಿದ ವೇಳೆಯ ಮೇಲೆ ಗೆದ್ದಿತು. ಅದಕ್ಕಿಂತ ಮುಂಚೆ ದಡ ಮುಟ್ಟಿದ ಹೊಸ ದೋಣಿಗಳಿದ್ದವು. ಆಸ್ಟ್ರೇಲಿಯದ ಲವ್ ಆಂಡ್ ವಾರ್ ಎಂಬ ದೋಣಿಯೂ ಹಾಗೆಯೇ. ಸಿಡ್ನಿಯಿಂದ ಹೋಬಾರ್ಟಿಗೆ 628 ನಾಟಿಕಲ್ ಮೈಲಿನ ಓಟವನ್ನು 1974, 1978ರಲ್ಲಿ ಗೆದ್ದು, ಮುದುಕಿಯಾದ ಮೇಲೆ 2006ರಲ್ಲಿ ಮತ್ತೆ ಗೆದ್ದಿತು. ಒಂದೇ ಅಂಕಿ ಎಲ್ಲ ಗಾಳಿಗೂ ಸರಿಹೋಗುವುದಿಲ್ಲವಂತೆ. ಎದುರುಗಾಳಿಯಲ್ಲಿ ಹಳೆಯ ಭಾರದ ದೋಣಿ ತನ್ನ ಅಂಕಿಯನ್ನು ಮೀರಿಸುತ್ತದೆ. ಬೆನ್ನುಗಾಳಿಯಲ್ಲಿ ಹಗುರಾದ ಹೊಸದು ನೀರಿನ ಮೇಲೆ ಜಾರಿ ಹೋಗಿಬಿಡುತ್ತದೆ.

ಇನ್ನೊಂದು ಕಥೆಯೂ ಇತ್ತು. 1970ರ ಸುಮಾರಿಗೆ ಐ.ಓ.ಆರ್. ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ದೋಣಿಯ ಮೈಯನ್ನು ಗೊತ್ತಾದ ಕೆಲವು ಜಾಗಗಳಲ್ಲಿ ಟೇಪು ಹಿಡಿದು ಅಳೆಯುತ್ತಿದ್ದರು. ಜಾಣರು ಆ ಜಾಗಗಳಲ್ಲೇ ಉಬ್ಬು ತೆಗೆದರು, ಹಿಂಭಾಗವನ್ನು ಕಿವುಚಿದರು. ಅಳತೆಯಲ್ಲಿ ದೋಣಿ ನಿಧಾನದ್ದೆಂದು ಕಾಣುತ್ತಿತ್ತು, ರಿಯಾಯಿತಿ ಸಿಗುತ್ತಿತ್ತು. ಆದರೆ ಬಲವಾದ ಬೆನ್ನುಗಾಳಿಯಲ್ಲಿ ಹಿಡಿತಕ್ಕೆ ಸಿಗುತ್ತಿರಲಿಲ್ಲ. 1979ರಲ್ಲಿ ಫಾಸ್ಟ್‌ನೆಟ್ ಎಂಬ ಓಟಕ್ಕೆ 303 ದೋಣಿಗಳು ಹೊರಟು ಬಿರುಗಾಳಿಗೆ ಸಿಕ್ಕವು. ಓಟದಲ್ಲಿದ್ದ 15 ಜನ ಸತ್ತರು. ಬಿರುಗಾಳಿಯೇ ಅಂಥದಿತ್ತು, ಎಲ್ಲವೂ ನಿಯಮದ ತಪ್ಪಲ್ಲ. ಆದರೂ ನಿಯಮವನ್ನು ನೋಡಿ ದೋಣಿ ಕಟ್ಟಬೇಕೋ ಸಮುದ್ರವನ್ನು ನೋಡಿ ಕಟ್ಟಬೇಕೋ ಎಂಬ ಪ್ರಶ್ನೆ ಆಗ ಜೋರಾಗಿ ಎದ್ದಿತು. ಮುಂದೆ ಆ ನಿಯಮ ಹೋಯಿತು. ಅದಕ್ಕೆಂದೇ ಹುಟ್ಟಿದ ದೋಣಿಗಳಲ್ಲಿ ಎಷ್ಟೋ ಹೊಸ ನಿಯಮದಲ್ಲಿ ಎತ್ತಲೂ ಸಲ್ಲದೆ ಉಳಿದವು. ಲವ್ ಆಂಡ್ ವಾರ್ ಕೂಡ ಆ ಕಾಲದ್ದೇ, ಆದರೆ ಅದು ಸಮುದ್ರವನ್ನು ಮರೆತು ಕಟ್ಟಿದ್ದಲ್ಲ. ಈಗ ಐ.ಆರ್.ಸಿ. ಎಂಬ ನಿಯಮದ ಸೂತ್ರವನ್ನು ಗುಟ್ಟಾಗಿಯೇ ಇಡುತ್ತಾರಂತೆ, ಯಾರೂ ಅದನ್ನು ನೋಡಿಕೊಂಡು ಉಬ್ಬು ತೆಗೆಯಬಾರದೆಂದು.

ನನಗೆ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ಗೈಡು ನೋಡಿ, ಅಂಕ ಬರುವ ಜಾಗದಲ್ಲಷ್ಟೇ ಉಬ್ಬು ತೆಗೆಸಿ ನಾನು ಎಷ್ಟು ಮಕ್ಕಳನ್ನು ಹೊರಗೆ ಕಳಿಸಿಲ್ಲ! ತೊಂಬತ್ತು ಅಂಕ ತೆಗೆದವರು, ಬ್ಯಾಂಕಿಗೆ ಒಂದು ಅರ್ಜಿ ಬರೆಯಲು ಬಾರದವರು.

ಆ ರಾತ್ರಿ ನಿದ್ದೆ ಬರಲಿಲ್ಲ. ಒಬ್ಬ ಹುಡುಗಿ ಕಣ್ಣ ಮುಂದೆ ಬಂದು ನಿಂತಳು.

2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದ್ದು ನಮ್ಮ ಭಾಗದವರಾರೂ ಮರೆತಿಲ್ಲ. ಆ ಹುಡುಗಿ ಆಗ ಒಂಬತ್ತನೆಯ ತರಗತಿ. ಮನೆಯ ಗೋಡೆ ಕುಸಿದು ತಗಡಿನ ಶೆಡ್ಡಿಗೆ ಬಂದಿದ್ದರು. ಪುಸ್ತಕ ನೀರುಪಾಲಾಗಿದ್ದವು, ತಾಯಿಗೆ ಜಡ್ಡು. ಮುಂಜಾನೆ ರೊಟ್ಟಿ ಬಡಿದಿಟ್ಟು, ಗೆಳತಿಯರ ಪುಸ್ತಕ ಇಸಕೊಂಡು ಓದಿ, ಒಂದು ದಿನವೂ ತಪ್ಪಿಸದೆ ಬಂದಳು. ಅರ್ಧವಾರ್ಷಿಕದಲ್ಲಿ ನೂರಕ್ಕೆ 78. ಮರುವರ್ಷ ಫೆಬ್ರುವರಿಯ ಗ್ಯಾದರಿಂಗಿನಲ್ಲಿ ಆದರ್ಶ ವಿದ್ಯಾರ್ಥಿನಿಯ ಬಹುಮಾನ ಯಾರಿಗೆ ಎಂಬ ಮಾತು ಬಂದಾಗ, ಜೊತೆಯ ಶಿಕ್ಷಕರೊಬ್ಬರು ಇವಳ ಹೆಸರು ಹೇಳಿದರು. ಬೇಡವೆಂದವಳು ನಾನೇ. "ಕನಿಕರ ಬ್ಯಾರೆ, ಬಹುಮಾನ ಬ್ಯಾರೆ" ಎಂದೆ. 91 ತೆಗೆದ, ಎರಡು ಟ್ಯೂಷನ್ನಿನ ಹುಡುಗಿಗೆ ಬಹುಮಾನ ಹೋಯಿತು. ನಾನು ನಿಷ್ಪಕ್ಷಪಾತಿ ಎಂದು ನನಗೇ ಸಮಾಧಾನವಾಗಿತ್ತು.

ಈಗ ನೋಡಿದರೆ ನಾನು ಮಾಡಿದ್ದು ಬರೀ ಗಡಿಯಾರ ನೋಡುವ ಕೆಲಸ. ಅವಳು ಕೇಳಿದ್ದು ಗ್ರೇಸ್ ಅಲ್ಲ. ಅವಳು ಏನನ್ನೂ ಕೇಳಿರಲಿಲ್ಲ. ಅವಳ ವೇಳೆಯನ್ನು ತಿದ್ದಿ ನೋಡುವುದು ನನ್ನ ಕೆಲಸವಾಗಿತ್ತು. ಸಾವಿರಾರು ಉತ್ತರಪತ್ರಿಕೆ ತಿದ್ದಿದವಳು ಅದೊಂದನ್ನು ತಿದ್ದಲಿಲ್ಲ.

ರಜೆ ಮುಗಿಸಿ ಬಂದವಳು ಶಿಕ್ಷಕರ ಸಭೆಯಲ್ಲಿ ದೋಣಿಯ ಕಥೆ ಹೇಳಿದೆ. ಹೋಬಾರ್ಟ್ ಓಟದಲ್ಲಿ ಮೊದಲು ಮುಟ್ಟಿದವರಿಗೂ ಮರ್ಯಾದೆ ಉಂಟು, ತಿದ್ದಿದ ವೇಳೆಯಲ್ಲಿ ಗೆದ್ದವರಿಗೂ ಉಂಟು. ನಾವೂ ಎರಡು ಬಹುಮಾನ ಇಡೋಣ ಎಂದೆ. ಹೊಸದಾಗಿ ಬಂದ ಗಣಿತದ ಹುಡುಗ ಕೇಳಿದ, "ಅಕ್ಕಾರ, ಡೋಣಿಗೆ ಅಂಕಿ ಹಾಕಬಹುದು. ಹುಡುಗೂರಿಗೆ ಯಾರು ಹಾಕೋರು?" ಸರಿಯಾದ ಪ್ರಶ್ನೆ. ಬಡತನಕ್ಕಿಷ್ಟು, ಪ್ರವಾಹಕ್ಕಿಷ್ಟು ಎಂದು ಅಂಕಿ ಹಾಕಲು ಬರುವುದಿಲ್ಲ. ಹಾಕಿದರೆ ಅಲ್ಲಿಯೂ ಉಬ್ಬು ತೆಗೆಯುವವರು ಬರುತ್ತಾರೆ. ಕೊನೆಗೆ ಜೂನಿನಲ್ಲಿ ಎಲ್ಲಿದ್ದ ಮಗು ಜನವರಿಗೆ ಎಲ್ಲಿಗೆ ಬಂತು ಎಂಬುದನ್ನು ಹಾಜರಿ ಪುಸ್ತಕದ ಜೊತೆಗಿಟ್ಟು ನೋಡುವುದೆಂದು ತೀರ್ಮಾನವಾಯಿತು. ಒರಟು ಅಳತೆ, ಒಪ್ಪುತ್ತೇನೆ. ವರ್ಷ ವರ್ಷ ತಿದ್ದುತ್ತಿದ್ದೇವೆ.

ಹೋದ ವರ್ಷ ಸವದತ್ತಿಯ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಸಿಕ್ಕಳು. ಈಗ ಬಿ.ಎ. ಓದುತ್ತಿದ್ದಾಳೆ. ಅವಳೇ ಗುರುತು ಹಿಡಿದು ಬಂದು ಕಾಲು ಮುಟ್ಟಿದಳು. ತಡೆಯಲಾರದೆ ಎರಡನೆಯ ಬಹುಮಾನದ ಸಂಗತಿ ಹೇಳಿದೆ, ಅದು ನಿನ್ನಿಂದಲೇ ಶುರುವಾದದ್ದು ಎಂದೆ. "ಹೌದೇನ್ರಿ ಅಕ್ಕಾರ" ಎಂದು ನಕ್ಕಳು. ಒಳ್ಳೆಯದಾಯಿತು ಎಂದಾಳೆಂದು ನಾನು ಕಾದೆ. ಅವಳು ಸ್ವಲ್ಪ ಹೊತ್ತು ಬಸ್ಸು ಬರುವ ಕಡೆ ನೋಡುತ್ತ ನಿಂತು, "ಆವಾಗ ಕೊಟ್ಟಿದ್ರ ನಮ್ಮವ್ವ ನೋಡತಿದ್ಲರಿ" ಎಂದಳು.

ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ನನಗೆ ಗೊತ್ತಿರಲಿಲ್ಲ.

ಮನೋಳಿಯ ಬಸ್ಸು ಬಂತು. ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಊರಿಗೆ ಬಂದೆವು.