ಒತ್ತಿನೆಣೆ ಏರಿನ ಟರ್ಬೊ ಪಾಠ

ಬ್ರಹ್ಮಾವರದಿಂದ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೊರಟು ಕುಂದಾಪುರ ದಾಟಿದರೆ ಮರವಂತೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಈ ಸಮತಟ್ಟು ದಾರಿಯಲ್ಲಿ ಅಷ್ಟಾಗಿ ಕಾಣದ ನಮ್ಮ ಡೀಸೆಲ್ ಕಾರಿನ ಕಾಯಿಲೆ, ಬೈಂದೂರು ಬಳಿಯ ಒತ್ತಿನೆಣೆ ಏರಿನಲ್ಲಿ ಹೊರಬಿತ್ತು. ಆಕ್ಸಿಲರೇಟರ್ ಒತ್ತಿದರೂ ಎಳೆತವಿಲ್ಲ. ಬೆನ್ನಿಗೇ ಲಾರಿ, ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳು.

ಮಕ್ಕಳೇ, ಎಂಜಿನ್ನಿನ ಹೊಗೆ ಟರ್ಬೊ ಚಕ್ರವನ್ನು ತಿರುಗಿಸುತ್ತದೆ. ಆಗ ಟರ್ಬೊ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಚಕ್ರಕ್ಕೆ ವೇಗ ಬರಲು ಹಿಡಿಯುವ ತುಸು ಹೊತ್ತೇ ‘ಟರ್ಬೊ ಲ್ಯಾಗ್’. ಆ ಹೊತ್ತು ಹೆಚ್ಚುತ್ತಾ ಹೋದರೆ ಮೊದಲು ಗಾಳಿ ಸೋರಿಕೆ ಹುಡುಕಬೇಕು.

ಕುಂದಾಪುರದ ಮೆಕ್ಯಾನಿಕ್, ಸೈಕಲ್ ಪಂಕ್ಚರ್ ಹುಡುಕುವಂತೆಯೇ, ಟರ್ಬೊ ಪೈಪಿಗೆ ಗಾಳಿ ಕೊಟ್ಟು ಸೋಪುನೀರು ಹಚ್ಚಿದರು. ಬಿರುಕಿನಲ್ಲಿ ಗುಳ್ಳೆ ಎದ್ದಿತು! ರಬ್ಬರ್ ಪೈಪ್ ಬದಲಾಯಿತು, ಟರ್ಬೊ ಉಳಿಯಿತು. ಆದರೂ ದೊಡ್ಡವರೇ, ಏರು ಬರುವ ಮೊದಲೇ ಗೇರ್ ಇಳಿಸಿ; ಎಳೆತ ಬಾರದೆ ಓವರ್‌ಟೇಕ್ ಬೇಡ.