ಅರಿಶಿನ ಬೂರುಗ

ಚಿತ್ರದುರ್ಗದ ಸೀಮೆಯೆಂದರೆ ಬಂಡೆ, ಬಿಸಿಲು, ಬರ ಎಂದು ಹೇಳಿ ಮುಗಿಸುವವರೇ ಹೆಚ್ಚು. ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ನೀರು ಹರಿದಲ್ಲಿ ತೋಟಗಳು ಹಸಿರಾಗಿವೆ. ಹೊಳಲ್ಕೆರೆಯ ಕೆಲವು ಕಡೆ ಅಡಕೆ ತೂಗುತ್ತದೆ. ಉಳಿದಂತೆ ಮಾಘ ಫಾಲ್ಗುಣಗಳಲ್ಲಿ ಇಲ್ಲಿನ ಗುಡ್ಡಗಳು ಬೂದುಬಣ್ಣಕ್ಕೆ ತಿರುಗುತ್ತವೆ. ಆಗಲೇ, ಯಾರೂ ನೀರೆರೆಯದ ಕಲ್ಲುನೆಲದಲ್ಲಿ, ಒಂದೂ ಎಲೆಯಿಲ್ಲದ ಮರವೊಂದು ಅಂಗೈಯಗಲದ ಹಳದಿ ಹೂಗಳನ್ನು ಅರಳಿಸಿಕೊಂಡು ನಿಲ್ಲುತ್ತದೆ. ಅದೇ ಅರಿಶಿನ ಬೂರುಗ.

ಇಂಗ್ಲಿಷರು ಇದನ್ನು ‘ಬಟರ್‌ಕಪ್ ಮರ’ ಎಂದು ಕರೆದರು. ಅವರ ನಾಡಿನ ಬಟರ್‌ಕಪ್ ಹುಲ್ಲುಗಾವಲಿನ ತೇವದಲ್ಲಿ ಬೆಳೆಯುವ ಪುಟ್ಟ ಗಿಡ. ಅದರ ಕುಲದ ಲ್ಯಾಟಿನ್ ಹೆಸರಿಗೆ ‘ಪುಟ್ಟ ಕಪ್ಪೆ’ ಎಂದೇ ಅರ್ಥ. ಹೊಳೆಯುವ ಹಳದಿಯೊಂದನ್ನು ಬಿಟ್ಟರೆ ಎರಡಕ್ಕೂ ನಂಟಿಲ್ಲ. ಅದು ಕಪ್ಪೆಯ ನೆರೆಯದಾದರೆ ಇದು ಓತಿಕೇತದ ನೆರೆಯದು.

ಈ ಮರದ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. 1988ರಲ್ಲಿ ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದೆ. ಶಾಲೆಯ ಬೇಲಿಯಂಚಿನಲ್ಲಿ ಬೋಳು ಮರವೊಂದಿತ್ತು. ವಾರ್ಷಿಕೋತ್ಸವದ ಅಡುಗೆಗೆ ಸೌದೆ ಬೇಕಾಗಿತ್ತು. ಒಣಗಿದ ಮರವೆಂದು ಬಗೆದು ಕಡಿಯಲು ಹೇಳಿದೆ. ಕೊನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಆಡು ಕಾಯುವ ಮನೆಯವನು. ವಾರಕ್ಕೆರಡು ದಿನ ಶಾಲೆಗೆ ತಪ್ಪಿಸಿಕೊಳ್ಳುತ್ತಿದ್ದವನು. “ಅದು ಸತ್ತಿಲ್ಲ, ಮೇಷ್ಟ್ರೇ. ಹೂವಿಗೆ ನಿಂತೈತೆ” ಎಂದ. “ಮೊದಲು ನಿನ್ನ ಪಾಠ ಒಪ್ಪಿಸು” ಎಂದು ಗದರಿ ಕೂರಿಸಿದೆ.

ಮರ ಉರುಳಿತು. ಕೊಂಬೆಗಳ ತುದಿಯಲ್ಲಿ ಮೊಗ್ಗುಗಳು ಗೊಂಚಲುಗಟ್ಟಿದ್ದವು. ಕಡಿದಲ್ಲಿ ಅಂಟು ಒಸರುತ್ತಿತ್ತು. ಆ ಮೆದುಮರ ಒಲೆಯಲ್ಲಿ ಹೊಗೆಯಾಡಿತೇ ಹೊರತು ಉರಿಯಲಿಲ್ಲ. ಅಂದು ಊಟ ನನಗೆ ರುಚಿಸಲಿಲ್ಲ.

ಆಮೇಲೆ ನಾನು ಆ ಹುಡುಗನ ಶಿಷ್ಯನಾದೆ. ಭಾನುವಾರ ಅವನೊಡನೆ ಗುಡ್ಡ ಹತ್ತಿದೆ. ಐದು ಎಸಳು, ನಡುವೆ ಕೇಸರಗಳ ದಟ್ಟ ಗುಂಪು. ಅವುಗಳ ಪರಾಗಕೋಶಕ್ಕೆ ತುದಿಯಲ್ಲಿ ಸಣ್ಣ ರಂಧ್ರ ಮಾತ್ರ. ದೊಡ್ಡ ದುಂಬಿ ಹೂವನ್ನು ಹಿಡಿದು ಮೊರೆದಾಗ ಆ ಕಂಪನಕ್ಕೆ ಪರಾಗ ಉದುರುತ್ತದೆ. ಬೇಸಗೆಯಲ್ಲಿ ಕಾಯಿ ಬಿರಿದರೆ ರೇಷ್ಮೆಯಂತಹ ಅರಳೆ; ಅದರೊಳಗೆ ಬಾಗಿದ ಪುಟ್ಟ ಬೀಜಗಳು. ಗಾಳಿ ಅವನ್ನು ಹೊತ್ತೊಯ್ಯುತ್ತದೆ. ಈ ಅರಳೆಯನ್ನು ಜನ ದಿಂಬಿಗೆ ತುಂಬುತ್ತಾರೆ; ಮರದ ಅಂಟೂ ಉಪಯೋಗಕ್ಕೆ ಬರುತ್ತದೆ. ಹೂಗಳನ್ನು ದೇವರಿಗೆ ಏರಿಸುತ್ತಿದ್ದುದರಿಂದ ಇದರ ಶಾಸ್ತ್ರೀಯ ಹೆಸರಿನಲ್ಲಿಯೂ ‘ರಿಲಿಜಿಯೋಸಮ್’ ಎಂಬ ಪದ ಸೇರಿದೆ.

ಕಡಿದುದಕ್ಕೆ ಪ್ರತಿಯಾಗಿ ಒಂದನ್ನಾದರೂ ಬೆಳೆಸಬೇಕೆಂದು ನಿಶ್ಚಯಿಸಿದೆ. ಮೊದಲ ವರ್ಷ ಬಿತ್ತಿದ ಬೀಜಗಳಲ್ಲಿ ಒಂದೂ ಮೊಳೆಯಲಿಲ್ಲ. ಅವುಗಳ ಸಿಪ್ಪೆ ಬಲು ಗಟ್ಟಿ. ಮರುವರ್ಷ ಹುಡುಗನ ಮಾತಿನಂತೆ ಬೀಜವನ್ನು ಒರಟು ಕಲ್ಲಿಗೆ ಮೆಲ್ಲನೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮರಳು ಬೆರೆಸಿದ ಮಣ್ಣಿನಲ್ಲಿ ತೆಳುವಾಗಿ ಬಿತ್ತಿದೆ. ಕೆಲವು ಮೊಳೆತವು. ಹಿಗ್ಗಿನಿಂದ ದಿನಕ್ಕೆರಡು ಬಾರಿ ನೀರೆರೆದೆ, ಎಲ್ಲವೂ ಕೊಳೆತುಹೋದವು. “ಇದು ಗುಡ್ಡದ ಗಿಡ, ಮೇಷ್ಟ್ರೇ. ನೀವು ಅಡಕೆ ಸಸಿ ಅಂದ್ಕೊಂಡ್ರಿ” ಎಂದು ಹುಡುಗ ನಕ್ಕ. ಪ್ರೀತಿಯೂ ಅಳತೆ ಮೀರಿದರೆ ಕೊಲ್ಲುತ್ತದೆಂದು ಆಗ ತಿಳಿಯಿತು. ಮೂರನೆಯ ವರ್ಷ ನೀರು ನಿಲ್ಲದ ಜಲ್ಲಿನೆಲವನ್ನು ಆರಿಸಿ, ನೆರಳಿಲ್ಲದ ಕಡೆ, ಮುಂಗಾರಿನ ಆರಂಭದಲ್ಲಿ ಒಂದು ಸಸಿ ನೆಟ್ಟೆವು. ಮಣ್ಣು ಒಣಗಿದಾಗ ಮಾತ್ರ ನೀರು. ಎಲೆ ಉದುರಿದ ಮೇಲೆ ಅದೂ ಇಲ್ಲ. ಆಡುಗಳಿಗೆ ಸಿಕ್ಕದಂತೆ ಸುತ್ತ ಮುಳ್ಳು. ಬಲಿತ ಕೊಂಬೆಯನ್ನು ನೆಟ್ಟರೂ ಇದು ಚಿಗುರುವುದೆಂದು ಅನಂತರ ತಿಳಿಯಿತು. ಆದರೆ ಬೀಜದಿಂದ ನಾನು ಕಲಿತ ಪಾಠ ಕೊಂಬೆಯಿಂದ ದೊರೆಯುತ್ತಿರಲಿಲ್ಲ.

ಅದು ಹೂ ಬಿಡುವ ಮೊದಲೇ ನನಗೆ ಹೊಸದುರ್ಗಕ್ಕೆ, ಅಲ್ಲಿಂದ ಹಿರಿಯೂರಿಗೆ ವರ್ಗವಾಯಿತು. ನಿವೃತ್ತನಾದ ಮೇಲೆ ಒಂದು ಫೆಬ್ರವರಿಯಲ್ಲಿ ಆ ಹಳ್ಳಿಗೆ ಹೋದೆ. ನನ್ನೆತ್ತರದ ಎರಡರಷ್ಟು ಬೆಳೆದ ಮರ, ಮೈತುಂಬ ಹಳದಿ. ಮಕ್ಕಳು ಬಿದ್ದ ಹೂಗಳನ್ನು ಆಯುತ್ತಿದ್ದರು. ಮುಖ್ಯೋಪಾಧ್ಯಾಯರು ಹೇಳಿದರು: “ನಾನು ಬಂದ ವರ್ಷ ಒಣಗಿದೆಯೆಂದು ಇದನ್ನು ಕಡಿಸಲು ಹೊರಟಿದ್ದೆ. ಆಡು ಹೊಡೆದುಕೊಂಡು ಹೋಗುತ್ತಿದ್ದ ರೈತರೊಬ್ಬರು ಬೇಲಿಯಾಚೆಯಿಂದಲೇ, ‘ಹದಿನೈದು ದಿನ ತಡೀರಿ ಸ್ವಾಮಿ’ ಅಂದರು. ತಡೆದೆ.”

ನಾನು ಆ ರೈತನ ಹೆಸರನ್ನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಅಂದು ನಾನು ಕೂರಿಸಿದ ಮಾತು ಇಂದು ಎದ್ದು ನಿಂತು ಒಂದು ಮರವನ್ನು ಉಳಿಸಿತ್ತು.